ಮೀನು, ತಾವರೆ, ಕಪ್ಪೆಚಿಪ್ಪು

ತಿಪಟೂರು ಕಡೆಯ ನಮ್ಮ ಚಿಕ್ಕಪ್ಪನ ತೋಟದಲ್ಲಿ ನೀರು ನಿಲ್ಲುವ ಜಾಗ ಎರಡಿವೆ. ಒಂದು ತಾತನ ಕಾಲದ ಕಟ್ಟೆ, ತಳದಲ್ಲಿ ಮೊಣಕಾಲುದ್ದ ಕೆಸರು, ಒಂದು ಮೂಲೆಯಲ್ಲಿ ತಾವರೆ. ಇನ್ನೊಂದು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಈ ಹೊಂಡದಲ್ಲಿ ಮುತ್ತು ಬೆಳೆಯಬೇಕು ಅಂತ ಚಿಕ್ಕಪ್ಪನಿಗೆ ಹುಚ್ಚು ಹತ್ತಿದೆ. ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾರೆ. ಚಿಪ್ಪು ಅವರೇ ಕೊಡುತ್ತಾರಂತೆ, ಮುತ್ತು ಅವರೇ ವಾಪಸ್ ಕೊಳ್ಳುತ್ತಾರಂತೆ, ದುಡ್ಡು ಮಾತ್ರ ನಾವು ಮೊದಲೇ ಕಟ್ಟಬೇಕಂತೆ! ಅದಕ್ಕೆ ಎರಡು ಹಸು ಮಾರುವ ಯೋಚನೆ. "ನೀನು ಓದಿರೋನು, ಸ್ವಲ್ಪ ನೋಡಿ ಹೇಳಪ್ಪ" ಅಂದರು. ಸರಿ, ಓದುತ್ತಾ ಕೂತೆ.

ಮುತ್ತಿನ ಮಾತು ಸುಳ್ಳೇನಲ್ಲ. ಭುವನೇಶ್ವರದ ಹತ್ತಿರ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದರಲ್ಲಿ ದಶಕಗಳಿಂದ ಕೆಲಸ ಮಾಡಿದೆ. ನಮ್ಮ ಕೆರೆಗಳಲ್ಲೇ ಸಿಗುವ ಲ್ಯಾಮೆಲಿಡೆನ್ಸ್ ಜಾತಿಯ ಕಪ್ಪೆಚಿಪ್ಪನ್ನು ಸ್ವಲ್ಪವೇ ಬಾಯಿ ತೆರೆಸಿ, ಒಳಗೊಂದು ಗುಂಡು ಇಡುತ್ತಾರೆ. ಅದರ ಸುತ್ತ ಆ ಜೀವ ಹೊಳಪಿನ ಪದರ ಕಟ್ಟುತ್ತಾ ಹೋಗುತ್ತದೆ. ವರ್ಷವೋ ಒಂದೂವರೆ ವರ್ಷವೋ ಕಾಯಬೇಕು. ಈ ಶಸ್ತ್ರಚಿಕಿತ್ಸೆಯಲ್ಲೇ ಕೆಲವು ಸಾಯುತ್ತವೆ, ಕೆಲವು ಗುಂಡನ್ನು ಹೊರಗೆ ಉಗುಳಿಬಿಡುತ್ತವೆ, ಬದುಕಿದ್ದೆಲ್ಲ ಒಳ್ಳೆಯ ಮುತ್ತು ಕೊಡುವುದೂ ಇಲ್ಲ. ವಿಡಿಯೋದಲ್ಲಿ ಈ ಭಾಗ ಮಾತ್ರ ಇಲ್ಲ :-)

ಓದುತ್ತಾ ನನಗೆ ಮುತ್ತಿಗಿಂತ ಮಜಾ ಅನಿಸಿದ್ದು ಕಪ್ಪೆಚಿಪ್ಪಿನ ಬಾಲ್ಯ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೀರಿಗೆ ಬಿದ್ದವು ಹೇಗಾದರೂ ಒಂದು ಮೀನು ಹಿಡಿಯಬೇಕು. ಅದರ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಪುಕ್ಕಟೆ ಸವಾರಿ! ಆಮೇಲೆ ಕಳಚಿಕೊಂಡು ಕೆಸರಿಗೆ ಇಳಿದು ಸ್ವಂತ ಸಂಸಾರ. ಅಂದರೆ ಮೀನಿಲ್ಲದ ನೀರಿನಲ್ಲಿ ಕಪ್ಪೆಚಿಪ್ಪಿನ ವಂಶ ಬೆಳೆಯುವುದಿಲ್ಲ. ಕೆಸರಿಲ್ಲದ ಪ್ಲಾಸ್ಟಿಕ್ ಹಾಳೆಯ ಮೇಲೆ ಅದಕ್ಕೆ ನೆಲೆಯೂ ಇಲ್ಲ. ಬಲೆಚೀಲದಲ್ಲಿ ತೂಗುಬಿಟ್ಟು ಸಾಕಬಹುದು, ನಿಜ. ಆದರೆ ಪ್ರತಿ ಸಲ ಚಿಪ್ಪು ಹೊರಗಿನಿಂದಲೇ ಕೊಳ್ಳಬೇಕು. ಮಾರುವವರಿಗೆ ಅದೇ ಬೇಕಾಗಿರುವುದು.

ಮೀನಿನ ಲೆಕ್ಕ ಹಳೆಯದು, ಚಿಕ್ಕಪ್ಪನಿಗೂ ಗೊತ್ತು. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಹುಲ್ಲುಗೆಂಡೆ ಬಿಟ್ಟರೆ ನೀರುಗಿಡಗಳನ್ನೆಲ್ಲ ಮೇಯ್ದು ಮುಗಿಸುತ್ತದೆ. ಅಜೋಲಾ ಹಾಕಿ ಸಾಕುವವರಿಗೆ ಒಳ್ಳೆಯದೇ, ತಾವರೆ ಉಳಿಸಿಕೊಳ್ಳಬೇಕು ಅನ್ನುವವರಿಗೆ ಬೇಡ. ಹಾಗಂತ ಗಿಡ ಹೊಂಡ ತುಂಬಿಕೊಂಡರೂ ಕಷ್ಟ. ಹಗಲು ಆಮ್ಲಜನಕ ಕೊಡುವ ಗಿಡ, ಪಾಚಿಗಳೇ ರಾತ್ರಿ ಅದನ್ನು ಬಳಸಿಕೊಳ್ಳುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಕಾರಣ ಹೆಚ್ಚಾಗಿ ಅದೇ.

ಇನ್ನು ಕಪ್ಪೆಚಿಪ್ಪು ತಿನ್ನುವುದೇನು? ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಪಾಚಿ ತಿನ್ನುತ್ತದೆ. ಆ ಪಾಚಿ ಬೆಳೆದು ನೀರು ಹಸಿರಾಗಲು ಹೊಂಡಕ್ಕೆ ಸಗಣಿ ಹಾಕುತ್ತಾರೆ. ಇಷ್ಟು ಓದಿದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಹಸು ಮಾರಿಬಿಟ್ಟರೆ ಸಗಣಿ ಎಲ್ಲಿಂದ ತರ್ತೀರಾ ಚಿಕ್ಕಪ್ಪಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅದನ್ನೂ ಕೊಂಡ್ಕೊಳ್ಳದು" ಅಂದರು. ಹಿಂದಿನಿಂದ ಚಿಕ್ಕಮ್ಮ ನಕ್ಕಿದ್ದು ಕೇಳಿಸಿತು.

ದುಡ್ಡು ಇನ್ನೂ ಕಟ್ಟಿಲ್ಲ. ಹೆಸರಘಟ್ಟದಲ್ಲಿ ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಮೊದಲು ಅಲ್ಲಿಗೆ ಹೋಗಿ ವಿಚಾರಿಸೋಣ ಅಂತ ಒಪ್ಪಿಸಿದ್ದೇನೆ. ಅಲ್ಲಿಯವರೆಗೆ ಕಟ್ಟೆಗೆ ಕಾಟ್ಲಾ, ರೋಹು ಮರಿ. ಅಲ್ಲಿನ ಕೆಸರಲ್ಲಿ ಕಪ್ಪೆಚಿಪ್ಪು ಮೊದಲಿಂದಲೂ ಇವೆಯಂತೆ, ಯಾರೂ ಬಿಟ್ಟಿದ್ದಲ್ಲ. ನಿಮ್ಮಲ್ಲಿ ಯಾರಾದರೂ ನಿಜವಾಗಿ ಮುತ್ತು ಬೆಳೆದು ಮಾರಿದವರಿದ್ದರೆ ದಯವಿಟ್ಟು ತಿಳಿಸಿ. ಖರ್ಚಿನ ಲೆಕ್ಕ ಸಮೇತ.