ಇಪ್ಪತ್ತೊಂದು ದಿನದ ಅರ್ಜಿ

‘ನಿಮ್ಮ ಊರಿನ ರಸ್ತೆಯನ್ನು ದುರಸ್ತಿ ಮಾಡಿಸಿಕೊಡುವಂತೆ ಕೋರಿ ಸಂಬಂಧಪಟ್ಟ ಅಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ.’

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಕಾಣದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಮೂವತ್ತು ವರ್ಷ ಕನ್ನಡ ಮಾಸ್ತರನಾಗಿದ್ದ ನಾನು ಈ ಪತ್ರವನ್ನು ಎಷ್ಟು ಸಾವಿರ ಸಲ ತಿದ್ದಿದ್ದೇನೋ! ‘ಇಂದ’ ಎಡಕ್ಕೆ, ದಿನಾಂಕ ಬಲಕ್ಕೆ, ವಿಷಯ ಒಂದೇ ಸಾಲಿನಲ್ಲಿ, ಕೊನೆಗೆ ‘ಇಂತಿ ತಮ್ಮ ವಿಶ್ವಾಸಿ’. ದಿನಾಂಕ ಮರೆತವನಿಗೆ ಅರ್ಧ ಅಂಕ ಖೋತಾ. ಅಂಥ ನಾನು, ನಿಜವಾದ ರಸ್ತೆಯೊಂದು ನಮ್ಮವರ ಮನೆಯ ಮುಂದೆ ಬಂದು ನಿಂತಾಗ ಬರೆಯಬೇಕಾಗಿದ್ದ ಒಂದೇ ಒಂದು ಪತ್ರವನ್ನು ಬರೆಯಲಿಲ್ಲ.

ನನ್ನದು ಅಳವಂಡಿ. ನಮ್ಮೂರಿಗೆ ಹೆದ್ದಾರಿ ತಾಗುವುದಿಲ್ಲ. ಕೊಪ್ಪಳಕ್ಕೂ ಮುಂಡರಗಿಗೂ ಹೋಗುವ ರಸ್ತೆಯೇ ನಮಗೆ ದೊಡ್ಡ ರಸ್ತೆ. ತಂಗಿಯನ್ನು ಕೊಟ್ಟದ್ದು ಮಾತ್ರ ಹೆದ್ದಾರಿಯ ಮಗ್ಗುಲಿಗೇ ಇರುವ ಊರಿಗೆ. ಹುಬ್ಬಳ್ಳಿ, ಗದಗ, ಕೊಪ್ಪಳ ಹಾಯ್ದು ಹೊಸಪೇಟೆಗೆ ಹೋಗುವ ಆ ಹೆದ್ದಾರಿಗೆ ಮೊದಲು 63 ಎಂಬ ಸಂಖ್ಯೆ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕಿ ಕೊಟ್ಟಾಗ ಅದು 67 ಆಯಿತು. ನಮ್ಮ ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಗದಗ ರೋಡ’.

ತಂಗಿಯ ಊರು ಬೆಳೆದದ್ದೇ ರಸ್ತೆಯ ಎರಡೂ ಕಡೆ. ಈಚೆ ಮನೆಗಳು, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ. ಆಚೆ ಶಾಲೆ, ಹನುಮಪ್ಪನ ಗುಡಿ, ಕೆರೆ, ಅರ್ಧಕ್ಕರ್ಧ ಎರೆ ಹೊಲ. ಲಾರಿಗಳು ಆಗಲೂ ಇದ್ದವು, ಆದರೆ ಎರಡು ಮಾರು ಅಗಲದ ಡಾಂಬರು ರಸ್ತೆಯನ್ನು ದಾಟುವುದು ಓಣಿ ದಾಟಿದಷ್ಟೇ ಸಲೀಸು. ತಂಗಿ ಒಲೆಯ ಮೇಲೆ ಹಂಚಿಟ್ಟು ಆಚೆ ಹೋಗಿ ಮೊಮ್ಮಗಳಿಗೆ ಬುತ್ತಿ ಕೊಟ್ಟು ಬಂದರೂ ಹಂಚು ಪೂರಾ ಕಾದಿರುತ್ತಿರಲಿಲ್ಲ. ಹುಲಿಗಿ ಹುಣ್ಣಿಮೆಗೆ ನಡೆದು ಹೋಗುವವರು, ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರು ಎಲ್ಲವೂ ಅದೇ ರಸ್ತೆಯ ಮೇಲೆ.

ಹತ್ತು ವರ್ಷದ ಹಿಂದಿನ ಮಾತು. ಸರ್ವೆದವರು ಬಂದರು. ಬೇವಿನ ಗಿಡಗಳಿಗೆ ಕೆಂಪು ಬಣ್ಣದ ಅಂಕಿ ಬರೆದರು. ಕೆಲವು ಮನೆಗಳ ಕಟ್ಟೆಯ ಮೇಲೂ ಗೆರೆ ಬಿತ್ತು. ರಸ್ತೆ ನಾಲ್ಕು ಪಥ ಆಗುತ್ತದೆ, ನಡುವೆ ವಿಭಜಕ ಬರುತ್ತದೆ ಎಂದು ಊರೆಲ್ಲ ಸುದ್ದಿ. ಗೆರೆ ಬಿದ್ದ ಮನೆಯವರು ಅತ್ತರು. ಬೀಳದವರಲ್ಲಿ ಕೆಲವರು ‘ನಮಗ್ಯಾಕ ಬೀಳಲಿಲ್ಲ’ ಎಂದು ಒಳಗೊಳಗೇ ಮರುಗಿದರು. ಯಾಕೆಂದರೆ, 2013ರ ಭೂಸ್ವಾಧೀನ ಕಾಯಿದೆಯ ಪರಿಹಾರ 2015ರ ಜನವರಿ 1ರಿಂದ ಹೆದ್ದಾರಿಯ ಜಮೀನಿಗೂ ಅನ್ವಯ ಆಗಿತ್ತಲ್ಲ, ಎರಡು ಪಟ್ಟೋ ನಾಲ್ಕು ಪಟ್ಟೋ ಎಂಬ ಲೆಕ್ಕ ಕಟ್ಟೆ ಕಟ್ಟೆಯ ಮೇಲೂ ನಡೆದಿತ್ತು.

ಒಂದು ಸಂಜೆ ಭಾವ ತಂದ ಮಿರ್ಚಿಯ ಪೊಟ್ಟಣ ಬಿಚ್ಚಿದಾಗ ಎಣ್ಣೆಯಲ್ಲಿ ನೆನೆದ ಸರ್ವೆ ನಂಬರುಗಳು ಕಂಡವು. ಹಳೆಯ ಪತ್ರಿಕೆಯ ಹಾಳೆ. ಅದರಲ್ಲಿ ನಮ್ಮದೇ ಪ್ರಕಟಣೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಹೀಗೊಂದು ಏರ್ಪಾಟಿದೆ: ಜಮೀನು ಬೇಕೆಂಬ ಅಧಿಸೂಚನೆ ರಾಜಪತ್ರದಲ್ಲಿ ಬರಬೇಕು, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಆ ಭಾಗದ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಜಮೀನಿನಲ್ಲಿ ಹಿತಾಸಕ್ತಿ ಇರುವವರು ಕಾರಣ ಸಹಿತ ಆಕ್ಷೇಪಣೆಯನ್ನು ಬರೆದು ಕೊಡಬಹುದು. ಅಧಿಕಾರಿ ಅವರನ್ನು ಕರೆಸಿ ಕೇಳಬೇಕು. ಕಾಯಿದೆ ಚೆನ್ನಾಗಿಯೇ ಇದೆ. ಆ ಹಾಳೆ ಮಿರ್ಚಿ ಕಟ್ಟುವ ಮೊದಲು ಯಾರ ಕೈಗೆ ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ. ಎಣಿಸಿದೆ, ಇನ್ನೂ ಒಂಬತ್ತು ದಿನ ಉಳಿದಿತ್ತು.

ಮಾಸ್ತರ ಬಂದಿದ್ದಾರೆಂದು ಜನ ಕೂಡಿದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಎರಡು ದಿನದಲ್ಲಿ ಹನ್ನೊಂದು ಆಕ್ಷೇಪಣೆ ಬರೆದುಕೊಟ್ಟೆ. ದುಂಡನೆಯ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲ. ಹನ್ನೊಂದರ ಹೂರಣವೂ ಒಂದೇ: ದರ ಸಾಲದು, ಹುಣಸೆಮರಕ್ಕೆ ಬೆಲೆ ಕಟ್ಟಿಲ್ಲ, ಕೊಳವೆಬಾವಿ ಪಟ್ಟಿಯಲ್ಲಿಲ್ಲ. ಅವು ಬೇಡವಾದ ಮಾತುಗಳಲ್ಲ. ಹೊಲ ಕಳೆದುಕೊಳ್ಳುವವನು ಬೆಲೆ ಕೇಳದೆ ಇನ್ನೇನು ಕೇಳಬೇಕು?

ಆರನೆಯ ಇಯತ್ತೆಯಲ್ಲಿದ್ದ ತಂಗಿಯ ಮೊಮ್ಮಗಳು ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಬಾಜೂ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ನಡುವೆ ಒಮ್ಮೆ ಕೇಳಿದಳು: “ಅಜ್ಜಾ, ನಡುವು ಗೋಡಿ ಕಟ್ಟತಾರಂತಲ್ಲ, ನಾವು ಸಾಲಿಗೆ ಹೆಂಗ ಹೋಗೂದು?”

“ಅದಕ್ಕ ಏನಾರ ಮಾಡೇ ಮಾಡ್ತಾರವ್ವಾ. ಇಂಜಿನಿಯರಮಂದಿಗೆ ಅಷ್ಟೂ ತಿಳಿಯಂಗಿಲ್ಲೇನು?” ಎಂದು ಹೇಳಿ ಹನ್ನೆರಡನೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

ನಿಜಾಮನ ಆಡಳಿತದ ವಿರುದ್ಧ ದನಿ ಎತ್ತಿ, 1952ರಲ್ಲಿ ಮೊದಲ ಲೋಕಸಭೆಗೆ ಆರಿಸಿ ಹೋದ ಅಳವಂಡಿ ಶಿವಮೂರ್ತಿಸ್ವಾಮಿಗಳ ಊರಿನವನು ನಾನು. ಕೇಳುವುದನ್ನು ಕಲಿಸಲು ನಮಗೆ ಹೊರಗಿನವರು ಬೇಕಿರಲಿಲ್ಲ. ಆದರೂ ಕೇಳಬೇಕಾದ್ದನ್ನು ಕೇಳಿದವಳು ಹನ್ನೊಂದು ವರ್ಷದ ಹುಡುಗಿ.

ಕೆಲವು ತಿಂಗಳ ಮೇಲೆ ನಕಾಶೆ ಹಿಡಿದುಕೊಂಡು ಒಬ್ಬ ಇಂಜಿನಿಯರು ಬಂದರು. ಒಳ್ಳೆಯ ಮನುಷ್ಯ; ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಶಾಲೆಯ ಎದುರು ದಾಟಲು ಏನೂ ಇರಲಿಲ್ಲ. ಊರಿನಾಚೆ ಹಳ್ಳದ ಹತ್ತಿರ ಜನ-ದನ ಹಾಯಲು ಒಂದು ಕೆಳದಾರಿ, ಎತ್ತರ ಮೂರು ಮೀಟರು. ವಾಹನಕ್ಕೆ ವಿಭಜಕದ ಬಾಯಿ ಇದ್ದದ್ದು ಅದಕ್ಕೂ ಮುಂದೆ.

ಭಾವ ಶಾಲೆಗೆ ಹೋದವನಲ್ಲ. ಆದರೆ ಅವನ ಲೆಕ್ಕ ನನ್ನದಕ್ಕಿಂತ ಚುರುಕು. “ಸಾಹೇಬ್ರ, ಜ್ವಾಳದ ಸೊಪ್ಪಿ ಹೇರಿದ ಬಂಡಿ ಮೂರು ಮೀಟರದಾಗ ಹೊಕ್ಕತೈತೇನ್ರಿ? ಮಳೆಗಾಲದಾಗ ಅಲ್ಲೆ ಹಳ್ಳದ ನೀರು ನಿಂದ್ರತೈತಿ, ಹುಡುಗೂರು ಈಜಿ ಹೋಗಬೇಕೇನ್ರಿ?”

ಅವರು ನಗಲಿಲ್ಲ. “ಯಜಮಾನ್ರ, ನೀವು ಹೇಳೂದು ಖರೇ ಐತಿ. ಮೊದಲ ಬರದು ಕೊಟ್ಟಿದ್ರ ಕಡತದಾಗ ಇರತಿತ್ತು. ಬಾಯಿಮಾತಿಗೆ ಕಡತ ಇಲ್ರಿ” ಎಂದರು. ಗುತ್ತಿಗೆ ಕೊಟ್ಟ ಮೇಲೆ ಒಂದು ಕೆಳದಾರಿ ಹೆಚ್ಚಿಗೆ ಬೇಕೆಂದರೆ ಅದು ಕಾಮಗಾರಿಯ ವ್ಯಾಪ್ತಿಯನ್ನೇ ಬದಲಿಸಿದಂತೆ. ಹೊಸ ಅಂದಾಜು, ಹೊಸ ಮಂಜೂರಾತಿ, ಹೊಸ ಹಣ. ಕಾಗದದ ಮೇಲೆ ಪೆನ್ಸಿಲ್ಲಿನಿಂದ ಸರಿಸಬಹುದಾಗಿದ್ದ ಗೆರೆ ಆಗ ಕಾಂಕ್ರೀಟಾಗಿರುತ್ತದೆ.

ಆಮೇಲಿನದು ಹೆಚ್ಚು ಹೇಳುವುದಿಲ್ಲ. ರಸ್ತೆ ಆಯಿತು. ನಾನು ರಸ್ತೆಯ ವೈರಿಯಲ್ಲ. ಒಂದು ರಾತ್ರಿ ತಂಗಿಗೆ ಎದೆನೋವು ಬಂದಾಗ ಅದೇ ಹೆದ್ದಾರಿಯಲ್ಲಿ ಹುಬ್ಬಳ್ಳಿ ಮುಟ್ಟಿದ್ದರಿಂದ ಅವಳು ಇವತ್ತು ನಮ್ಮೊಡನೆ ಇದ್ದಾಳೆ. ಹಳೆಯ ರಸ್ತೆಯಾಗಿದ್ದರೆ ಏನಾಗುತ್ತಿತ್ತೋ ಎಂದು ಭಾವ ಈಗಲೂ ಹೇಳುತ್ತಾನೆ. ಅದೇ ಭಾವ ಸೊಪ್ಪಿ ಬಂಡಿ ಹೊಡೆದುಕೊಂಡು ಎದುರು ದಿಕ್ಕಿನಲ್ಲಿ ವಿಭಜಕದ ಬಾಯಿಯವರೆಗೆ ಹೋಗುತ್ತಾನೆ, ಎದುರಿಗೆ ಬರುವ ಲಾರಿಗಳ ಬೈಗುಳ ತಿನ್ನುತ್ತಾನೆ.

ಮಕ್ಕಳು ವಿಭಜಕ ಹತ್ತಿ ಇಳಿಯುವುದನ್ನು ಕಲಿತರು. ದೊಡ್ಡವ ಮೊದಲು ಹತ್ತುವುದು, ಪಾಟಿಚೀಲಗಳನ್ನು ಇಸಿದುಕೊಳ್ಳುವುದು, ಸಣ್ಣವರ ಕೈ ಹಿಡಿದು ಎಳೆಯುವುದು. ಶಾಲೆಯ ಅಂಗಳದಲ್ಲಿ ಕಲಿಸಬಾರದ ಕವಾಯತು ಅದು. ಭಯಪಟ್ಟ ತಂದೆತಾಯಿ ಬೈಕಿನ ಮೇಲೆ ಬಿಟ್ಟು ಬರತೊಡಗಿದರು. ಸುಗ್ಗಿಯಲ್ಲಿ, ಬಿತ್ತಿಗೆಯಲ್ಲಿ ಬಿಡುವವರಿಗೆ ಪುರುಸೊತ್ತಿಲ್ಲ. ಆ ದಿನ ಶಾಲೆಯೂ ಇಲ್ಲ. ಗಂಡುಹುಡುಗರು ಹೇಗೋ ಹಾರಿಕೊಂಡು ಹೋದರು. ಮೊಮ್ಮಗಳ ಜೊತೆಯ ಇಬ್ಬರು ಹುಡುಗಿಯರು ಏಳನೆಯದು ಮುಗಿಸಿ ಮನೆಯಲ್ಲೇ ಉಳಿದರು. ರಸ್ತೆಯ ಕಾರಣಕ್ಕೆ ಎಂದು ಯಾರೂ ಹೇಳಲಿಲ್ಲ. ‘ದಿನಾ ದಾಟಿಸಿ ಬರಾಕ ಯಾರದಾರ?’ ಎಂದರು, ಅಷ್ಟೇ.

ಇದು ನಮ್ಮೊಂದು ಊರಿನ ಕಥೆಯಲ್ಲವೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಅಪಘಾತಗಳನ್ನು ನೋಡಿದರೆ ಅದು ತಪ್ಪೆನ್ನಲಾರೆ. ಆದರೆ ರಸ್ತೆ ಮಗ್ಗುಲಿನ ಊರುಗಳ ಬದುಕು ನಡೆಯುವುದೇ ಆ ಮೂರು ವಾಹನಗಳ ಮೇಲೆ. ಕಾಸರಗೋಡಿನ ಕಡೆ 66ನೇ ಹೆದ್ದಾರಿ ಆರು ಪಥವಾಗುವಾಗ ಊರವರು ಕೆಳದಾರಿಗಾಗಿ ರಸ್ತೆಗಿಳಿದರು. ಅವರೂ ಹೆದ್ದಾರಿ ಬೇಡ ಎನ್ನಲಿಲ್ಲ. ಆಚೆ ಹೋಗಲು ದಾರಿ ಕೇಳಿದರು.

ಹೋದ ತಿಂಗಳು ತಂಗಿಯ ಊರಿಗೆ ಹೋಗಿದ್ದೆ. ಮೊಮ್ಮಗಳು ಈಗ ಕೊಪ್ಪಳದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ರಾತ್ರಿ ಊಟವಾದ ಮೇಲೆ ನಾಲ್ಕು ಹಾಳೆ ತಂದು ನನ್ನ ಮುಂದಿಟ್ಟಳು: “ಅಜ್ಜಾ, ತಪ್ಪು ತಿದ್ದಿ ಕೊಡು.”

ಶಾಲೆಯ ಎದುರು ಪಾದಚಾರಿ ಮೇಲ್ಸೇತುವೆ ಬೇಕೆಂಬ ಅರ್ಜಿ. ಅವಳೂ ಇಬ್ಬರು ಗೆಳತಿಯರೂ—ಏಳನೆಯದಕ್ಕೆ ಶಾಲೆ ಬಿಟ್ಟ ಅದೇ ಇಬ್ಬರು—ಮೂರು ದಿನ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಕೂತು ದಾಟುವವರನ್ನು ಎಣಿಸಿದ್ದರು. ಮಕ್ಕಳಿಗೊಂದು ಸಾಲು, ಮುದುಕರಿಗೊಂದು, ದನಕ್ಕೊಂದು. ಹಳ್ಳದ ಕೆಳದಾರಿಯಲ್ಲಿ ನೀರು ನಿಂತ ಚಿತ್ರ, ಹೆಡ್‌ಮಾಸ್ತರರ ಸಹಿ, ಗ್ರಾಮಸಭೆಯ ಠರಾವಿನ ನಕಲು. ನಾನು ಕಲಿಸಿದ ಮಾದರಿಯಲ್ಲಿ ಇವು ಯಾವೂ ಇರಲಿಲ್ಲ. ‘ಇಂತಿ ತಮ್ಮ ವಿಶ್ವಾಸಿ’ ಕೂಡ ಅವಳಲ್ಲಿ ಇರಲಿಲ್ಲ. ‘ಈ ಊರಿನ ನಿವಾಸಿಗಳು’ ಎಂದು ಬರೆದು ಕೆಳಗೆ ಸಹಿ, ಹೆಬ್ಬೆಟ್ಟು.

ಹುಡುಕಿ ಹುಡುಕಿ ಒಂದು ತಪ್ಪು ಸಿಕ್ಕಿತು. ದಿನಾಂಕ ಹಾಕಿರಲಿಲ್ಲ.

“ಅದು ಕೊಡೂ ದಿನ ಹಾಕ್ತೀನಿ ಬಿಡಜ್ಜಾ” ಎಂದಳು. ಮರುದಿನ ಬಸ್ಸು ಹತ್ತಿಸಿ ಕಳಿಸಿದೆ. ಸಂಜೆ ಅರ್ಜಿಯ ನಕಲಿನ ಮೇಲೆ ಕಚೇರಿಯ ದುಂಡು ಮೊಹರು ಹಾಕಿಸಿಕೊಂಡು ಬಂದು ನನಗೆ ತೋರಿಸಿದಳು. ಉತ್ತರ ಇನ್ನೂ ಬಂದಿಲ್ಲ. ಆ ನಕಲನ್ನು ತಂಗಿ ದೇವರ ಜಗಲಿಯ ಮೇಲೆ ಪಂಚಾಂಗದ ಕೆಳಗೆ ಇಟ್ಟಿದ್ದಾಳೆ.