ಮೂರು ಮೂಲೆಯ ಬಟ್ಟೆ

ಮೂರೇ ಮೂಲೆಗಳುಳ್ಳ ಬಟ್ಟೆ ನಮ್ಮ ಸಂಸಾರದಲ್ಲಿ ಹೆಚ್ಚಿನ ಕೆಲಸಕ್ಕೆ ಬಾರದು. ಉಡಲು ಸಾಲದು, ಹಾಸಲು ಒದಗದು. ಗುಡಿಯ ಮೇಲೆ ಹಾರಿಸಿದರೆ ಪತಾಕೆಯಾದೀತು, ಅಷ್ಟೆ. ಆದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಅದಕ್ಕೆ ಪೀತಾಂಬರದ ಮರ್ಯಾದೆ. ಒಂದು ಮೀಟರು ಚೌಕದ ಹತ್ತಿಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಇಂಥವು ಎರಡು ದೊರೆಯುತ್ತವೆ. ಬಿಡಿಸಿದರೆ, ತಲೆಯ ಗಾಯಕ್ಕಿಟ್ಟ ಶುಭ್ರವಾದ ಅರಿವೆಯನ್ನು ಹಿಡಿದಿಡುವ ರುಮಾಲು; ತುದಿಯನ್ನು ತಳಕ್ಕೆ ತಂದು ಮತ್ತೊಮ್ಮೆ ಮಡಿಸಿದರೆ ಅಗಲವಾದ ಪಟ್ಟಿ; ಇನ್ನೂ ಒಮ್ಮೆ ಮಡಿಸಿದರೆ ಕಿರಿದಾದ ಪಟ್ಟಿ. ಅಜ್ಜಿಯ ಸೆರಗಿನಂತೆ ಎಲ್ಲಕ್ಕೂ ಒಂದೇ ಬಟ್ಟೆ.

ಇದನ್ನು ಲೋಕಪ್ರಸಿದ್ಧ ಮಾಡಿದವನು ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್. ರಣರಂಗದಲ್ಲಿ ಬಿದ್ದ ಸಿಪಾಯಿಗೆ ಪುಸ್ತಕ ಓದುವ ಪುರಸತ್ತೆಲ್ಲಿ? ಕಟ್ಟುವ ಬಗೆಗಳ ಚಿತ್ರಗಳನ್ನು ಆತ ಬಟ್ಟೆಯ ಮೇಲೆಯೇ ಅಚ್ಚು ಹಾಕಿಸಿದ. ಅವನು ಹುಟ್ಟಿದ್ದು 1823ರಲ್ಲಿ. ಅದರ ಹಿಂದಿನ ವರ್ಷವೇ ನಮ್ಮ ಕಲಬುರಗಿಯ ಶರಣಬಸವೇಶ್ವರರು ಲಿಂಗೈಕ್ಯರಾಗಿದ್ದರು. ಇಬ್ಬರಿಗೂ ಸಂಬಂಧವಿಲ್ಲ, ನಿಜ. ಆದರೆ ಆ ವೈದ್ಯನ ಬಟ್ಟೆಯ ಬೆಲೆ ನನಗೆ ತಿಳಿದದ್ದು ಈ ಶರಣರ ಜಾತ್ರೆಯಲ್ಲಿಯೇ.

ಹೋಳಿ ಹುಣ್ಣಿಮೆಯಾದ ಐದನೆಯ ದಿನ ಇಲ್ಲಿ ರಥೋತ್ಸವ. ತೇರಿಗೆ ಎಸೆದ ಬಾಳೆಹಣ್ಣು, ಉತ್ತತ್ತಿ ಕಾಲ ಕೆಳಗೆ. ತಲೆಯ ಮೇಲೆ ಬಿಸಿಲು. ಕೆಲವು ವರ್ಷಗಳ ಹಿಂದೆ ಅಂಥ ನೂಕುನುಗ್ಗಲಿನಲ್ಲಿ ಹಳ್ಳಿಯ ಮುದುಕಿಯೊಬ್ಬಳು ಜಾರಿ, ಕೈಯೂರಿ ಬಿದ್ದಳು. ಮಣಿಕಟ್ಟು ನೋಡುತ್ತಿದ್ದಂತೆಯೇ ಬಾತಿತು. ಸುತ್ತ ನೆರೆದವರಲ್ಲಿ ವೈದ್ಯರಲ್ಲದವರೇ ಇರಲಿಲ್ಲ! ಅರಿಸಿನ ಎಂದನೊಬ್ಬ, ಮತ್ತೊಬ್ಬ ಕೈ ಜಗ್ಗಿ ಕೂಡಿಸಲು ತೋಳೇರಿಸಿದ.

“ಜಗ್ಗಬ್ಯಾಡ್ರಿ!” ಎನ್ನುತ್ತ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ನುಗ್ಗಿ ಬಂದಳು. ಮುದುಕಿಯನ್ನು ಕೂರಿಸಿ, ನೋವಾಗದಂತೆ ಹೇಗೆ ಹಿಡಿಯಬಲ್ಲಳೋ ಹಾಗೆಯೇ ಕೈ ಹಿಡಿದುಕೊಳ್ಳಲು ಹೇಳಿದಳು. ಊತ ಏರುವ ಮೊದಲು ಬಳೆ ತೆಗೆಯಬೇಕು. ಮುತ್ತೈದೆ ಒಪ್ಪಲಿಲ್ಲ, ತೇರಿನ ದಿನ ಕೈ ಬರಿದಾಗಬಾರದಂತೆ. ಹುಡುಗಿ ವಾದಕ್ಕಿಳಿಯಲಿಲ್ಲ. ಸಡಿಲವಾಗಿದ್ದ ಆ ಬಳೆಗಳನ್ನು ಮೆಲ್ಲನೆ ತೆಗೆದು, ಅವಳೆದುರಿಗೇ ಇನ್ನೊಂದು ಕೈಗೆ ತೊಡಿಸಿದಳು. ಬಳಿಕ ಚೀಲದಿಂದ ಮುಕ್ಕೋನೆ ಬಟ್ಟೆ ತೆಗೆದು ಎದೆಗೂ ತೋಳಿಗೂ ನಡುವೆ ಸರಿಸಿ, ಕೆಳತುದಿಯನ್ನು ಮೇಲೆ ತಂದು, ನೊಂದ ಕಡೆಯ ಕೊರಳೆಲುಬಿನ ಮೇಲಣ ತಗ್ಗಿನಲ್ಲಿ ಗಂಟಿಕ್ಕಿದಳು. ಮಣಿಕಟ್ಟು ಮೊಣಕೈಗಿಂತ ತುಸು ಮೇಲೆ ನಿಂತಿತು. ಬೆರಳುಗಳನ್ನು ಮುಚ್ಚಲಿಲ್ಲ, ಉಗುರು ನೀಲಿಗಟ್ಟಿದರೆ ರಕ್ತಸಂಚಾರಕ್ಕೆ ತಡೆಯಾಯಿತೆಂದು ತಿಳಿಯಬೇಕಲ್ಲ!

ಕನ್ನಡ ಕಲಿಸುವ ನನಗೆ ಇದನ್ನು ಏನೆಂದು ಕರೆಯಬೇಕೆಂಬ ಚಿಂತೆ. ‘ಸ್ಲಿಂಗ್’ ಎಂದರೆ ಒಣ ಮಾತು. ಅಷ್ಟರಲ್ಲಿ ಮುದುಕಿಯೇ ಹೆಸರಿಟ್ಟಳು: “ಕೈಗೊಂದು ಜೋಳಿಗಿ ಹಾಕಿದೆಲ್ಲ, ಮಗಳ!” ಜಂಗಮನ ಹೆಗಲಿನದೂ ಜೋಳಿಗೆ, ಕೂಸನ್ನು ತೂಗುವುದೂ ಜೋಳಿಗೆ. ಒಂದರಲ್ಲಿ ಬಂದ ಕಾಳು ದಾಸೋಹಕ್ಕೆ ಸೇರುತ್ತದೆ. ಇನ್ನೊಂದರಲ್ಲಿ ಮಲಗಿದ ಮಗು ತಾಯಿಯ ಮಡಿಲಿಗೆ ಸೇರುತ್ತದೆ. ಯಾವುದೂ ತನಗಾಗಿ ಏನನ್ನೂ ಇಟ್ಟುಕೊಳ್ಳದು. ಭಾರ ಹೊರುವುದಷ್ಟೇ ಅದರ ಕೆಲಸ. ನೊಂದ ಕೈಯ ಜೋಳಿಗೆಯೂ ಹಾಗೆಯೇ. ಮುರಿದ ಎಲುಬನ್ನು ಅದು ಕೂಡಿಸದು, ಕೂಡಿಸುವೆನೆಂದು ಜಗ್ಗಲೂ ಹೋಗದು. ಆಸ್ಪತ್ರೆ ತಲುಪುವವರೆಗೆ ನೋವು ಹೆಚ್ಚದಂತೆ ಕಾಯುತ್ತದೆ.

ಅದರ ಗಂಟೂ ಅಂಥದೇ: ಎಡತುದಿ ಬಲದ ಮೇಲೆ, ಮತ್ತೆ ಬಲತುದಿ ಎಡದ ಮೇಲೆ. ಚಪ್ಪಟೆಯಾಗಿ ಕೂರುತ್ತದೆ, ಜಾರುವುದಿಲ್ಲ. ಆದರೂ ವೈದ್ಯರ ಕೈಯಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ವಾಚಕರು ಮನೆಯ ಹಳೆಯ ಹತ್ತಿ ಪಂಚೆಯೊಂದನ್ನು ಹೀಗೆ ಕತ್ತರಿಸಿ, ಒಗೆದು, ಮಡಿಸಿಡಬಹುದು. ಗಂಟನ್ನು ಮಾತ್ರ ಮೊದಲೇ ಮಕ್ಕಳೊಂದಿಗೆ ಕೂತು ಕಲಿತಿರಬೇಕು.