ಇಂದ್ರಾಯಣಿಯ ಮಡು ಹುಡುಕಿಕೊಂಡು

ತಳೇಗಾಂವ ದಾಭಾಡೆ ಎರಡು ಹೊಳೆಗಳ ನಡುವಿನ ಊರು. ಉತ್ತರಕ್ಕೆ ಇಂದ್ರಾಯಣಿ, ದಕ್ಷಿಣಕ್ಕೆ ಪವನಾ. ಹಳೆಯ ಮುಂಬೈ–ಪುಣೆ ಹೆದ್ದಾರಿಯಲ್ಲಿ ಹೋಗುವವರಿಗೆ ಇವೆರಡೂ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ವಡಾಪಾವ್ ಅಂಗಡಿಗಳು ಮತ್ತು ಕಾರ್ಖಾನೆಗಳತ್ತ ತಿರುಗುವ ಕಂಟೇನರ್ ಲಾರಿಗಳ ಸಾಲು. ಊರ ಹೆಸರಿನ ಬಾಲದಲ್ಲಿರುವ ದಾಭಾಡೆಯವರು ಮರಾಠಾ ಸೇನಾಪತಿಗಳ ಮನೆತನ. 1731ರಲ್ಲಿ ಡಭೋಯಿ ಹತ್ತಿರದ ಕಾಳಗದಲ್ಲಿ ಮಗ ತ್ರಿಂಬಕರಾವ್ ಸತ್ತ ಮೇಲೆ ತಾಯಿ ಉಮಾಬಾಯಿಯೇ ಮನೆತನದ ಕಾರಭಾರ ಹೊತ್ತಳು. ಆ ಮನೆತನದ ಗಢಿ ಇಂದೋರಿ ಹಳ್ಳಿಯಲ್ಲಿ, ಇಂದ್ರಾಯಣಿಯ ದಂಡೆಗೇ ಇದೆ. ಕೋಟೆ ಕಟ್ಟಿಸಿದವರಿಗೆ ಹೊಳೆಯ ಬೆಲೆ ಗೊತ್ತಿತ್ತು. ಈಗ ಫ್ಲ್ಯಾಟು ಮಾರುವವರು ‘ರಿವರ್ ವ್ಯೂ’ ಎಂದು ಹೇಳಿ ಕಿಟಕಿ ತೋರಿಸುತ್ತಾರೆ, ಅಷ್ಟೇ.

ನಾನು ಭೀಮಾ ತೀರದವನು, ಅಫಜಲಪುರದ ಕಡೆಯವನು. ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದ ಹೊಸತರಲ್ಲಿ ನಕಾಶೆ ಬಿಡಿಸಿ ನೋಡಿ ಬೆರಗಾಗಿದ್ದೆ. ಲೋಣಾವಳದ ಬೆಟ್ಟದಲ್ಲಿ ಹುಟ್ಟುವ ಇಂದ್ರಾಯಣಿ ತಳೇಗಾಂವ, ದೇಹೂ, ಆಳಂದಿ ಮುಟ್ಟಿ ತುಳಾಪುರದಲ್ಲಿ ಭೀಮೆಗೆ ಕೂಡುತ್ತದೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಾಗಿ, ಗಡಿ ದಾಟಿ ನಮ್ಮ ಹೊಲಗಳ ಪಕ್ಕದಲ್ಲೇ ಹರಿದು, ಗಾಣಗಾಪುರದ ಸಂಗಮ ದಾಟಿ, ಕೊನೆಗೆ ರಾಯಚೂರಿನ ಕಡೆ ಕೃಷ್ಣೆಗೆ ಸೇರುತ್ತದೆ. ಅಂದರೆ ನಾನು ಬಿಟ್ಟುಬಂದೆನೆಂದುಕೊಂಡ ಹೊಳೆಯ ಮೇಲಿನ ತುದಿಗೇ ಬಂದು ಕೂತಿದ್ದೆ.

ಮೀನಿನ ಮಾತು ಬಂದದ್ದು ಅಕ್ಕನ ಮಗನಿಂದ. ಟೆಕ್ಸಾಸಿನಲ್ಲಿ ಬೆಳೆದ ಹುಡುಗ. ರಜೆಗೆ ಬರುವಾಗ ಮಡಚುವ ಗಾಳದ ಕೋಲು, ರಬ್ಬರಿನ ಕಪ್ಪೆ, ಪ್ಲಾಸ್ಟಿಕ್ಕಿನ ಎರೆಹುಳ, ಫಳಫಳ ಹೊಳೆಯುವ ತಗಡಿನ ಚಮಚ, ಎಲ್ಲ ತುಂಬಿದ ಒಂದು ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ.

“ಮಾಮಾ, ಇಲ್ಲಿ ಹೊಳ್ಯಾಗ ಬಾಸ್ ಸಿಗ್ತಾವೇನು?”

“ಇಲ್ಲಪಾ. ಆದ್ರ ಬಾಸ್ ಹುಡುಕೋ ಕಣ್ಣು ಇದ್ರ ಇಲ್ಲೂ ಉಪಯೋಗಕ್ಕ ಬರ್ತದ, ನಡಿ.”

ದೊಡ್ಡ ಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅಲ್ಲಿ ಅದರ ಬೆನ್ನು ಹತ್ತಿದವರ ಸಂಖ್ಯೆ ಲಕ್ಷಗಟ್ಟಲೆ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್‍ರಿ ಎಂಬಾತ ಹಿಡಿದ ಹತ್ತು ಕಿಲೋ ದಾಟಿದ ಬಾಸ್‌ನ ದಾಖಲೆಯನ್ನು ಎಪ್ಪತ್ತೇಳು ವರ್ಷ ಯಾರೂ ಮುಟ್ಟಲಿಲ್ಲ. ಈ ಮೀನು ಹೊಂಚುಗಾರ. ಓಡುವ ನೀರು ನಿಂತ ನೀರಿಗೆ ತಾಗುವ ಗೆರೆ, ಬಂಡೆಯ ಹಿಂದಿನ ನೆರಳು, ಬಿದ್ದ ಮರದ ಕೊಂಬೆ, ಜೊಂಡಿನ ಅಂಚು, ತಳ ಒಮ್ಮೆಲೇ ಆಳವಾಗುವ ಜಾಗ, ಇಂಥಲ್ಲೇ ಅದು ಕಾಯುತ್ತದೆ. ನಮ್ಮ ಹೊಳೆಗಳಲ್ಲಿ ಈ ಕೆಲಸಕ್ಕೆ ಬೇರೆಯವರಿದ್ದಾರೆ. ಜೊಂಡಿನ ಅಂಚಿನಲ್ಲಿ ಕೊರವ ಕೂತಿರುತ್ತದೆ. ಬಾಸ್‌ನ ಹಾಗೆ ಮರಿಗಳ ಕಾವಲನ್ನೂ ಕಾಯುತ್ತದೆ, ಮೇಲೆ ಬಂದು ಗಾಳಿಯನ್ನೂ ಗುಟುಕರಿಸುತ್ತದೆ. ಬಂಡೆ ಮತ್ತು ಸೆಳವು ಕೂಡಿದಲ್ಲಿ ಮಹಶೀರ್ ಇರುತ್ತದೆ, ಇರಬೇಕು.

ದೀಪಾವಳಿ ಕಳೆದಿತ್ತು. ಮಾವಳ ಸೀಮೆಯಲ್ಲಿ ಹೊಳೆ ನೋಡಲು ಇದೇ ಹೊತ್ತು. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ, ಸೆಳವು ಇನ್ನೂ ಸತ್ತಿರುವುದಿಲ್ಲ. ದಂಡೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿರುತ್ತದೆ. ಹೊಳೆಯ ಹೆಸರನ್ನೇ ಹೊತ್ತ ಇಂದ್ರಾಯಣಿ ಅಕ್ಕಿಯ ಸೀಮೆ ಇದು. ಪುಣೆ–ಲೋಣಾವಳ ಲೋಕಲ್ ರೈಲು ಈ ಕಣಿವೆಯನ್ನೇ ಹಿಡಿದು ಏರುತ್ತದೆ. ಬೇಗಡೇವಾಡಿ, ಘೋರಾವಾಡಿ, ತಳೇಗಾಂವ, ವಡಗಾಂವ, ಕಾನ್ಹೆ, ಕಾಮಶೇತ್, ಮಳವಲಿ: ಯಾವ ನಿಲ್ದಾಣದಲ್ಲಿ ಇಳಿದರೂ ಸ್ವಲ್ಪ ನಡೆದರೆ ನೀರು ಸಿಗುತ್ತದೆ. ಮೀನಿನ ಜಾಗ ಹುಡುಕುವವನಿಗೆ ಇದಕ್ಕಿಂತ ಅಗ್ಗದ ವಾಹನ ಇನ್ನೊಂದಿಲ್ಲ.

ನಾವು ಮೊದಲು ಹೋದದ್ದು ಕುಂಡಮಳಾಕ್ಕೆ. ಇಲ್ಲಿ ಇಂದ್ರಾಯಣಿ ಮಣ್ಣಿನ ಮೇಲಲ್ಲ, ಕಪ್ಪು ಬಂಡೆಯ ಮೇಲೆ ಹರಿಯುತ್ತದೆ. ಆರೂವರೆ ಕೋಟಿ ವರ್ಷಗಳಷ್ಟು ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನಿನ ಕಲ್ಲು ಅದು. ಅದರಲ್ಲಿ ಹೊಳೆ ಗುಂಡನೆಯ ಹೊಂಡಗಳನ್ನು ಕೊರೆದಿದೆ. ಕೆಲವು ಬೋಗುಣಿಯಷ್ಟು, ಕೆಲವು ಆಳು ಮುಳುಗುವಷ್ಟು. ಕೊರೆದದ್ದು ನೀರೊಂದೇ ಅಲ್ಲ. ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ಒಂದೇ ಜಾಗದಲ್ಲಿ ಗರಗರ ತಿರುಗಿ, ಮಳೆಗಾಲ ಮಳೆಗಾಲವೂ ಬಂಡೆಯನ್ನು ಅರೆದಿವೆ. ಒಂದು ಹೊಂಡದೊಳಗೆ ಕೈ ಹಾಕಿ ನೋಡಿದೆ: ಗೋಡೆ ರುಬ್ಬುವ ಒರಳಿನಷ್ಟು ನುಣುಪು, ತಳದಲ್ಲಿ ಗುಂಡುಗಲ್ಲು ಹಾಗೇ ಕೂತಿತ್ತು. ಮುಂದಿನ ಆಷಾಢಕ್ಕೆ ಅದರ ಕೆಲಸ ಮತ್ತೆ ಶುರು.

ಹುಡುಗ ಅಲ್ಲಿ ಗಾಳ ಬಿಚ್ಚಲೇ ಇಲ್ಲ. ಬೋರಲಾಗಿ ಮಲಗಿ ಹೊಂಡದ ಒಳಗೇ ನೋಡುತ್ತಿದ್ದ. ಬೆರಳುದ್ದದ ಮೀನುಗಳು ತಿಳಿನೀರಿನಲ್ಲಿ ಗಾಜಿನ ಚೂರಿನಂತೆ ಹೊರಳುತ್ತಿದ್ದವು. ತಳಕ್ಕಂಟಿ ಕೂತದ್ದೊಂದು, ಕಲ್ಲಿನ ಬಣ್ಣದ್ದೇ, ಅಲ್ಲಾಡಿದ ಮೇಲೆಯೇ ಮೀನೆಂದು ಗೊತ್ತಾದದ್ದು. ಇಂದ್ರಾಯಣಿಯಲ್ಲಿ ವಿಜ್ಞಾನಿಗಳು ಐವತ್ತಕ್ಕೂ ಹೆಚ್ಚು ಬಗೆಯ ಮೀನು ದಾಖಲಿಸಿದ್ದಾರೆ. ಅವುಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಇನ್ನೆಲ್ಲೂ ಇರದವೂ ಇವೆ. ಸಪ್ಪೆಯಾಗಿ ಕಾಣುವ ಒಂದು ಸಣ್ಣ ಹೊಳೆಗೆ ಇದು ದೊಡ್ಡ ಆಸ್ತಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದೇ ಕುಂಡಮಳಾದಲ್ಲಿ 2025ರ ಜೂನ್ 15ರಂದು ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ತುಂಬಿದ ಹೊಳೆ ನೋಡಲು ಬಂದ ಭಾನುವಾರದ ಜನ ಅವರು. ನವೆಂಬರಿನಲ್ಲಿ ಮಗುವಿನ ಹಾಗೆ ಆಡುವ ಈ ನೀರನ್ನು ಮಳೆಗಾಲದಲ್ಲಿ ದಂಡೆಯಿಂದ ದೂರ ನಿಂತೇ ನೋಡಬೇಕು.

ದಂಡೆಯ ಅತ್ತಿಮರದ ಕೆಳಗೆ ಬಲೆ ಹೆಣೆಯುತ್ತ ಕೂತಿದ್ದ ಭೋಯಿ ಮುದುಕರೊಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರು. ಹುಡುಗನ ಪೆಟ್ಟಿಗೆ ತೆರೆಸಿ, ರಬ್ಬರಿನ ಕಪ್ಪೆಯನ್ನು ಹೊರಳಿಸಿ ನೋಡಿ ನಕ್ಕರು. “ಆಜೋಬಾ, ದೊಡ್ಡ ಮೀನು ಎಲ್ಲಿ ಸಿಗ್ತದ?” ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಅವರು ನೀರಿನತ್ತ ಕೈ ತೋರಿಸಲಿಲ್ಲ, ಮೇಲೆ ಮರದತ್ತ ತೋರಿಸಿದರು. ಹಣ್ಣು ಬೀಳುವ ಅತ್ತಿಯ ಕೆಳಗೆ ಮಡುವಿದ್ದರೆ ದೊಡ್ಡ ಮೀನು ಅಲ್ಲಿಗೆ ಬರಲೇಬೇಕಂತೆ. ಮತ್ತೆ ಮಿಂಚುಳ್ಳಿ ಎಲ್ಲಿ ಗಾಳಿಯಲ್ಲಿ ನಿಂತು ರೆಕ್ಕೆ ಬಡಿಯುತ್ತದೋ ನೋಡು, ನೀರುಕಾಗೆ ಯಾವ ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತದೋ ನೋಡು, ಎಂದರು. ಹುಡುಗನ ಫೋನಿನಲ್ಲಿ ನೀರಿನ ಆಳ ತೋರಿಸುವ ಆ್ಯಪ್ ಇತ್ತು. ಅವನು ಅದನ್ನು ಜೇಬಿಗಿಟ್ಟ.

ಅತ್ತಿಹಣ್ಣಿನ ಮಾತು ಬರೀ ಅಜ್ಜನ ಮಾತಲ್ಲ. ಮಹಶೀರ್ ಹಣ್ಣನ್ನೂ ತಿನ್ನುತ್ತದೆ, ಹುಳವನ್ನೂ ತಿನ್ನುತ್ತದೆ. ಗಂಟಲಿನಲ್ಲಿರುವ ಹಲ್ಲುಗಳಿಂದ ಬಸವನಹುಳುವಿನ ಚಿಪ್ಪನ್ನೂ ಪುಡಿ ಮಾಡುತ್ತದೆ. ಕಾವೇರಿಯಲ್ಲಿ ಇದನ್ನು ಹಿಡಿಯುತ್ತಿದ್ದವರು ಗಾಳಕ್ಕೆ ಬೇಯಿಸಿದ ರಾಗಿಮುದ್ದೆಯನ್ನೇ ಚುಚ್ಚುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಎಳೆದ ಮಹಶೀರ್ 120 ಪೌಂಡ್ ತೂಗಿತ್ತು. ಈ ಮೀನಿನ ಹುಚ್ಚು ಹಿಡಿಸಿದ ಹೆಚ್.ಎಸ್. ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಆತ ಸೌತ್ ಕೆನರಾದ ಕಲೆಕ್ಟರ್ ಆಗಿದ್ದವನು.

ತಳೇಗಾಂವ ಸುತ್ತಲಿನ ಮಹಶೀರ್‌ಗೆ ಇನ್ನೂ ಹಳೆಯ ದಾಖಲೆಯಿದೆ. ಬ್ರಿಟಿಷ್ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಪುಣೆಯ ಪೂರ್ವಕ್ಕೆ ಮುಳಾ–ಮುಠಾ ಹೊಳೆಯಲ್ಲಿ ಸಿಕ್ಕ ಮೀನನ್ನು ವರ್ಣಿಸಿ, ಇಲ್ಲಿನ ಬೆಸ್ತರು ಕರೆಯುತ್ತಿದ್ದ ‘ಖುದ್ರಿ’ ಎಂಬ ಹೆಸರನ್ನೇ 1839ರಲ್ಲಿ ವಿಜ್ಞಾನಕ್ಕೆ ಕೊಟ್ಟ. ಟಾರ್ ಖುದ್ರೀ, ನೀಲಿ ರೆಕ್ಕೆಯ ಮಹಶೀರ್. ಇಂದು ಆ ಮುಳಾ–ಮುಠಾದ ದಂಡೆಯಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಲಾಗದು.

ಹಾಗಾದರೆ ಖುದ್ರಿ ಎಲ್ಲಿ? ಸಂಜೆ ದೇಹೂಗೆ ಹೋದೆವು. ತುಕಾರಾಮರ ಊರು. ಅವರ ಗಾಥೆಯ ಹಸ್ತಪ್ರತಿಗಳನ್ನು ಮುಳುಗಿಸಿದ್ದೂ, ಅವು ನೆನೆಯದೆ ತೇಲಿ ಬಂದವೆಂದು ಭಕ್ತರು ನಂಬುವುದೂ ಇದೇ ಇಂದ್ರಾಯಣಿಯ ಮಡುವಿನಲ್ಲಿ. ಘಾಟಿನ ಮೆಟ್ಟಿಲ ಮೇಲೆ ಒಬ್ಬ ತಾಯಿ ಚುರುಮುರಿ ಎರಚಿದಳು. ನೀರು ಒಮ್ಮೆ ಕುದಿಯಿತು. ಮೊದಲು ಸಣ್ಣವು ಬಂದವು. ಆಮೇಲೆ ಅವನ್ನು ಸರಿಸಿಕೊಂಡು, ಅವಸರವೇ ಇಲ್ಲದೆ, ಕಂದು ಬೆನ್ನಿನ ಒಂದು ದೊಡ್ಡದು ಮೇಲಕ್ಕೆ ಬಂತು: ದೊಡ್ಡ ದೊಡ್ಡ ಹುರುಪೆ, ತುಟಿಯ ಪಕ್ಕ ಮೀಸೆ, ರೆಕ್ಕೆಯ ಅಂಚಿಗೆ ಮುಸ್ಸಂಜೆಯ ನೀಲಿ. ಚುರುಮುರಿ ನುಂಗಿ ಹೊರಳಿದಾಗ ಬಾಲದ ಪೆಟ್ಟಿಗೆ ಮೆಟ್ಟಿಲು ಒದ್ದೆಯಾಯಿತು. ಹುಡುಗ ಬಾಯಿ ತೆರೆದು ನಿಂತಿದ್ದ; ನಾನೂ ನಿಂತಿದ್ದೆ. ಬಾಸ್ ಹಿಡಿಯುವವರು ಹುಡುಕುವ ಎಲ್ಲ ಲಕ್ಷಣವೂ ಆ ಜಾಗಕ್ಕಿತ್ತು: ಆಳ, ನೆರಳು, ಸೆಳವಿನ ಗೆರೆ. ಜೊತೆಗೆ ಯಾವ ಕೈಪಿಡಿಯಲ್ಲೂ ಬರೆಯದ ಒಂದು ಲಕ್ಷಣವೂ ಇತ್ತು. ಇಲ್ಲಿ ತಲೆಮಾರುಗಳಿಂದ ಯಾರೂ ಗಾಳ ಹಾಕಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನು ಉಳಿದದ್ದೂ ಹೀಗೆಯೇ. ದಕ್ಷಿಣದ ಹೊಳೆಗಳಲ್ಲಿ ಅತ್ಯುತ್ತಮ ಮೀನಿನ ಜಾಗಗಳು ಯಾವುವೆಂದರೆ ಮೀನು ಹಿಡಿಯದೆ ಬಿಟ್ಟ ಜಾಗಗಳು, ಅನುಮಾನವೇ ಇಲ್ಲ.

ಆದರೆ ದೇವರು ಗಾಳವನ್ನು ತಡೆದಾನು, ಮೋರಿಯ ನೀರನ್ನು ತಡೆಯಲಾರ. ಇತ್ತೀಚಿನ ವರ್ಷಗಳಲ್ಲಿ ದೇಹೂ ಹೊಳೆಯಲ್ಲಿ ಸತ್ತ ಮೀನು ತೇಲಿದ ಸುದ್ದಿ ಬಂದಿದೆ. ಕೆಳಗಿನ ಆಳಂದಿಯಲ್ಲಿ, ಜ್ಞಾನೇಶ್ವರರ ಸಮಾಧಿಯ ಮುಂದೆ, ಇಂದ್ರಾಯಣಿ ಬಿಳಿ ನೊರೆ ಹೊತ್ತು ಹರಿಯುವುದನ್ನು ವಾರಕರಿಗಳು ವರ್ಷವೂ ನೋಡುತ್ತಾರೆ.

ಮರುದಿನ ರೈಲು ಹತ್ತಿ ಲೋಣಾವಳಕ್ಕೆ ಹೋದೆವು. ಅಲ್ಲಿ ವಲವಣ ಜಲಾಶಯ ಇಂದ್ರಾಯಣಿಯನ್ನು ತವರಿನಲ್ಲೇ ಕಟ್ಟಿ ನಿಲ್ಲಿಸಿದೆ. ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಗೆ ಹೋಗಬೇಕಾದ ನೀರನ್ನು ಟಾಟಾದವರು ನೂರು ವರ್ಷಗಳಿಂದ ಘಟ್ಟದ ಅಂಚಿನಿಂದ ಖೋಪೋಲಿಗೆ ಇಳಿಸಿ, ವಿದ್ಯುತ್ ತೆಗೆದು, ಅರಬ್ಬಿ ಸಮುದ್ರದ ಕಡೆಗೆ ಬಿಡುತ್ತಾರೆ. ಒಂದೇ ಮೋಡದ ಮಳೆ ಎರಡು ಕಡಲಿಗೆ ಪಾಲಾಗುವುದನ್ನು ಅಲ್ಲಿ ನಿಂತು ಊಹಿಸಿದರೆ ತಲೆ ತಿರುಗುತ್ತದೆ. ಅದೇ ವಲವಣದಲ್ಲಿ 1970ರ ದಶಕದಿಂದ ಮಹಶೀರ್ ಮರಿ ಮಾಡುವ ಕೇಂದ್ರವಿದೆ. ಅಳಿವಿನ ಅಂಚಿನದೆಂದು ಪಟ್ಟಿಯಲ್ಲಿದ್ದ ಖುದ್ರಿಯ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿ ದೇಶದ ಹೊಳೆಗಳಿಗೆ ಹಂಚಿದರು. 2018ರಲ್ಲಿ, ಅಳಿಯುವ ಜೀವಿಗಳ ಆ ಜಾಗತಿಕ ಪಟ್ಟಿ ಮಾಡುವ ಸಂಸ್ಥೆ ಐಯುಸಿಎನ್ ಖುದ್ರಿಯನ್ನು ಆತಂಕದ ಪಟ್ಟಿಯಿಂದ ಕೆಳಗಿಳಿಸಿತು.

ಸಂತೋಷದ ಕಥೆಯೇ, ಆದರೆ ಅದರ ಇನ್ನೊಂದು ತುದಿ ಕರ್ನಾಟಕದಲ್ಲಿದೆ. ಖುದ್ರಿಯ ಮರಿಗಳು ಕಾವೇರಿಗೂ ಹೋದವು. ಕಾವೇರಿಯಲ್ಲಿ ಆಗಲೇ ತನ್ನದೇ ಮಹಶೀರ್ ಇತ್ತು, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ದೈತ್ಯ. ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಆಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ತೆಗೆದು ನೋಡಿದಾಗ, ನೀಲಿ ರೆಕ್ಕೆಯದು ಏರುತ್ತ ಹೋಗಿ ಉಬ್ಬು ಬೆನ್ನಿನದು ಇಳಿದುಹೋಗಿತ್ತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅದು ತೀವ್ರ ಅಪಾಯದ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಕೈತಪ್ಪುತ್ತಿತ್ತು. ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲದರ ಪಾಲೂ ಇದರಲ್ಲಿದೆ, ನಿಜ. ಆದರೂ ಒಳ್ಳೆಯ ಮನಸ್ಸಿನಿಂದ ತಂದು ಬಿಟ್ಟ ಒಳ್ಳೆಯ ಮೀನು ಅದರ ಮೇಲೆ ಇನ್ನೊಂದು ಕಲ್ಲು ಹೇರಿತು.

ಇದನ್ನೆಲ್ಲ ಹೇಳಿದಾಗ ಅಳಿಯ ಜಪಾನಿನ ಮಾತು ತೆಗೆದ. 1925ರಲ್ಲಿ ಅಲ್ಲಿನ ಆಶಿ ಸರೋವರಕ್ಕೆ ಅಮೆರಿಕದ ಬಾಸ್ ತಂದು ಬಿಟ್ಟರು. ಅದು ಹರಡಿ ಬಿವಾ ಸರೋವರದ ನಾಡಮೀನುಗಳನ್ನು ಮುಕ್ಕಿತು. 2005ರಲ್ಲಿ ಸರ್ಕಾರವೇ ಅದನ್ನು ಸಾಕುವುದು, ಸಾಗಿಸುವುದು, ಬಿಡುವುದು ಅಪರಾಧವೆಂದು ಸಾರಬೇಕಾಯಿತು. 2009ರಲ್ಲಿ ಪೆರ್‍ರಿಯ ದಾಖಲೆಯನ್ನು ಸರಿಗಟ್ಟಿದ ಬಾಸ್ ಸಿಕ್ಕದ್ದೂ ಅದೇ ಬಿವಾದಲ್ಲಿ! ಪರನೀರಿನಲ್ಲಿ ಅಷ್ಟು ಕೊಬ್ಬಿತ್ತು. “ಇಲ್ಲಿ ಬಾಸ್ ಇಲ್ಲದ್ದು ಚಲೋನೇ ಆತು ಮಾಮಾ” ಎಂದ. ಆ ವಯಸ್ಸಿಗೆ ಒಳ್ಳೆಯ ತೀರ್ಮಾನ.

ಗಾಳ ಬಿಚ್ಚದೆ ಅವನನ್ನು ವಾಪಸು ಕಳಿಸುವಂತಿರಲಿಲ್ಲ. ಕೊನೆಗೆ ದಕ್ಷಿಣದ ಹೊಳೆಗೆ ಕರೆದೊಯ್ದೆ. ಪವನಾ ಅಣೆಕಟ್ಟಿನ ಕೆಳಗೆ, ನಗರ ಶುರುವಾಗುವ ಮೊದಲು, ಹೊಂಗೆಯ ನೆರಳಲ್ಲಿ ಹಸಿರಾಗಿ, ಸದ್ದಿಲ್ಲದೆ ಹರಿಯುವ ನೀರದು. ಅಲ್ಲಿನ ದಂಡೆಯ ರೈತರನ್ನು ಕೇಳಿಕೊಂಡೇ ಇಳಿದೆವು. ಜೊಂಡಿನ ಅಂಚಿಗೆ ಎರೆಹುಳ ಬಿಟ್ಟ ಕೂಡಲೇ ಬೆಂಡು ಮುಳುಗಿತು. ಸಿಕ್ಕದ್ದು ಚಿಲಾಪಿ, ನಮ್ಮ ಕಡೆಯ ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾದ ಮೀನು ಈಗ ಹೆಚ್ಚುಕಡಿಮೆ ಎಲ್ಲ ಕೆರೆ, ಎಲ್ಲ ಜಲಾಶಯದಲ್ಲೂ ನಾಡಮೀನಿನ ತಾಟಿಗೆ ಕೈ ಹಾಕಿದೆ. ಒಂದಾದ ಮೇಲೊಂದು ಬಂದವು; ಯಾವುದನ್ನೂ ವಾಪಸು ಬಿಡಲಿಲ್ಲ. ರಾತ್ರಿ ಇಂದ್ರಾಯಣಿ ಅಕ್ಕಿಯ ಅನ್ನಕ್ಕೆ ಹುಣಸೆ, ಬೆಳ್ಳುಳ್ಳಿ ಹಾಕಿದ ಚಿಲಾಪಿ ಸಾರು. ಟೆಕ್ಸಾಸಿನವನು ಮುಳ್ಳು ಬಿಡಿಸುತ್ತ ಮೂರು ಸಲ ಬಡಿಸಿಕೊಂಡ.

ತಳೇಗಾಂವಕ್ಕೆ ಗಾಳ ಹಿಡಿದು ಬರುವವರಿಗೆ ನನ್ನದಿಷ್ಟೇ ಕೋರಿಕೆ. ಚಿಲಾಪಿ ಎಷ್ಟು ಸಿಕ್ಕರೂ ಹಿಡಿಯಿರಿ, ತಿನ್ನಿರಿ. ಜಲಾಶಯಗಳಲ್ಲಿ ಮೀನಿನ ಹಕ್ಕು ಮೀನುಗಾರರ ಸಹಕಾರಿ ಸಂಘಗಳದ್ದು, ಅವರನ್ನು ಕೇಳದೆ ಗಾಳ ಹಾಕಬೇಡಿ. ಅಪ್ಪಿತಪ್ಪಿ ಖುದ್ರಿ ಕಚ್ಚಿದರೆ ನೀರಿನಿಂದ ಎತ್ತದೆ ಗಾಳ ಬಿಡಿಸಿ ಬಿಟ್ಟುಬಿಡಿ. ಇಲ್ಲಿಯ ಮರಿ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಒಯ್ಯಬೇಡಿ. ದೇಹೂ ಮಡುವಿಗೆ ಹೋಗುವಾಗ ಗಾಳವನ್ನು ಮನೆಯಲ್ಲಿಟ್ಟು, ಎರಡು ಹಿಡಿ ಚುರುಮುರಿ ಮಾತ್ರ ಒಯ್ಯಿರಿ.